ಹಗ್ಗದ ಮೇಲಿನ ಹಸಿರು ಸೀರೆ

ಗಂಡ ಸತ್ತ ಮೇಲೆ ನಾನು ಕೆ.ಆರ್. ನಗರದ ಗದ್ದೆ ಸೀಮೆಯಿಂದ ಹಂಪಾಪುರದ ಹತ್ತಿರದ ತವರಿಗೆ ವಾಪಸ್ಸು ಬಂದಾಗ ಅತ್ತಿಗೆ ಮೊದಲು ಮಾಡಿದ ಕೆಲಸವೆಂದರೆ ನನ್ನ ಟ್ರಂಕಿನ ಸೀರೆಗಳನ್ನು ವಿಂಗಡಿಸಿದ್ದು. ಉಡಬಹುದಾದದ್ದು ಒಂದು ಕಡೆ, ಉಡಬಾರದ್ದು ಇನ್ನೊಂದು ಕಡೆ. ಯಾರೂ ಬೈಯಲಿಲ್ಲ, ಯಾರೂ ಅಳಲೂ ಇಲ್ಲ. ಹೊಗೆಸೊಪ್ಪಿನ ಎಲೆ ವಿಂಗಡಿಸುವ ಹಾಗೆ ಸುಮ್ಮನೆ ಕೆಲಸ ನಡೆಯಿತು. ಉಡಬಾರದ ಕಡೆಗೆ ಬಿದ್ದದ್ದರಲ್ಲಿ ಗಿಳಿಹಸಿರು ಬಣ್ಣದ, ಕೆಂಪಂಚಿನ ಸೀರೆಯೊಂದಿತ್ತು. ಮದುವೆಯಾದ ವರ್ಷ ಗೌರಿ ಹಬ್ಬಕ್ಕೆಂದು ಗಂಡ ತಾನೇ ಅಂಗಡಿಗೆ ಹೋಗಿ ಆರಿಸಿ ತಂದದ್ದು. ಬಣ್ಣದ ವಿಷಯದಲ್ಲಿ ಆ ಮಹಾರಾಯನಿಗೆ ನಾಚಿಕೆಯೆಂಬುದೇ ಇರಲಿಲ್ಲ. ಅದನ್ನು ಉಟ್ಟು ನಾನು ಬೀದಿಯಲ್ಲಿ ಹೋದರೆ ಬಸ್ಸು ನಿಂತುಬಿಡುತ್ತದೆ ಎಂದು ರೇಗಿಸುತ್ತಿದ್ದ.

“ಇದ ಯಾರ್ಗಾರ ಮುತ್ತೈದೆಗೆ ಕೊಟ್ಬುಡು ಕಣವ್ವ. ಮನೇಲಿದ್ರೆ ಕಣ್ಗೆ ಬೀಳ್ತಾ ಇರ್ತದೆ,” ಅಂದರು ಅತ್ತಿಗೆ.

ಅವರು ಕೆಟ್ಟವರಲ್ಲ. ನಮ್ಮ ಕಡೆಯ ರೂಢಿ ಅದು. ಕೊಡುತ್ತೇನೆ ಅಂದೆ. ಅವರು ಆಗಾಗ ಕೇಳುತ್ತಿದ್ದರು, ನಾನು ಆಗಾಗ ಹೂಂ ಅನ್ನುತ್ತಿದ್ದೆ, ಸೀರೆ ಮಾತ್ರ ಟ್ರಂಕಿನ ತಳದಲ್ಲಿಯೇ ಇತ್ತು.

ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷವಾಗಿದ್ದ ಕಾಲ ಅದು. ನಮ್ಮ ತಾಲ್ಲೂಕು ಪಟ್ಟಣವಾದ ಕೋಟೆಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ನನಗೆ ಕೆಲಸ ಸಿಕ್ಕಿತ್ತು. ಲಗ್ನಪತ್ರಿಕೆ ಟೈಪು ಮಾಡುವುದು, ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆಯುವುದು, ಹಿಂದುಗಡೆ ಪ್ಲೈವುಡ್ಡಿನ ಗೂಡುಗಳಲ್ಲಿ ಇಂಟರ್ನೆಟ್ ನೋಡಲು ಬಂದವರಿಗೆ ಹೊತ್ತು ಮುಗಿಯಿತೆಂದು ಎಬ್ಬಿಸುವುದು. ಊರಿನವರ ಮದುವೆಯನ್ನೆಲ್ಲ ನಾನೇ ಟೈಪು ಮಾಡುತ್ತಿದ್ದೆ, ಒಂದು ಮದುವೆಗೂ ನನ್ನನ್ನು ಮುಂದಕ್ಕೆ ಕರೆಯುತ್ತಿರಲಿಲ್ಲ. ಗಿರಾಕಿ ಇಲ್ಲದ ಹೊತ್ತಿನಲ್ಲಿ ನಾನೂ ಒಂದು ಗೂಡಿನಲ್ಲಿ ಕೂರುತ್ತಿದ್ದೆ. ನಮ್ಮ ತಾಲ್ಲೂಕಿನಿಂದ ಹೊರಗೆ ಹೋದವರು ಸೇರಿಕೊಂಡಿದ್ದ ಗುಂಪೊಂದು ಇಂಟರ್ನೆಟ್ಟಿನಲ್ಲಿತ್ತು. ಮೈಸೂರಿನಲ್ಲಿ ಓದುವವರು, ಗಾರೆ ಕೆಲಸಕ್ಕೆ ದುಬೈಗೆ ಹೋದವರು, ಎಲ್ಲರೂ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಿದ್ದರು. ನಾನು ಹೆಸರು ಹಾಕದೆ ಒಂದು ಮಲ್ಲಿಗೆ ಹೂವಿನ ಚಿತ್ರ ಹಾಕಿಕೊಂಡು ಸೇರಿದ್ದೆ. ರೂಮು ಮಾಡಿಕೊಂಡಿದ್ದ ಹುಡುಗನೊಬ್ಬ ಉಪ್ಪುಸಾರು ಮಾಡುವುದು ಹೇಗೆ ಎಂದು ಕೇಳಿದ. ನಾನು ಬೇಳೆ ಬೇಯಿಸುವುದರಿಂದ ಹಿಡಿದು ಖಾರ ಅರೆಯುವವರೆಗೆ ಬರೆದೆ. ಅವನು ಅಕ್ಕಾ ಎಂದು ಕರೆದ. ಅವತ್ತು ಬಸ್ಸಿನಲ್ಲಿ ಮನೆಗೆ ಬರುವಾಗ ಆ ಒಂದು ಶಬ್ದವನ್ನೇ ನೆನೆಸಿಕೊಂಡು ಬಂದೆ. ಎಷ್ಟು ಒಂಟಿಯಾಗಿದ್ದೆ ಅನ್ನುವುದಕ್ಕೆ ಇಷ್ಟು ಹೇಳಿದರೆ ಸಾಕು.

ಆ ವರ್ಷಗಳಲ್ಲಿ ನಮ್ಮ ಕಡೆಗೆ ಶುಂಠಿ ಬಂತು. ವಯನಾಡಿನಿಂದ ಜನ ಬಂದು ಒಂದು ಬೆಳೆಗೆ ಹೊಲ ಗುತ್ತಿಗೆ ಹಿಡಿಯುತ್ತಿದ್ದರು. ಶುಂಠಿ ಬೆಳೆದ ನೆಲದಲ್ಲಿ ಮರುವರ್ಷವೇ ಮತ್ತೆ ಶುಂಠಿ ಹಾಕಿದರೆ ಕೊಳೆರೋಗ ಬರುತ್ತದೆ. ಅದಕ್ಕೇ ಅವರು ವರ್ಷಕ್ಕೊಂದು ಹೊಲಕ್ಕೆ ಗುಡಿಸಲು ಕಿತ್ತುಕೊಂಡು ಹೋಗುತ್ತಾರೆ. ಒಂದು ವರ್ಷ ನಮ್ಮ ಪಕ್ಕದ ಹೊಲಕ್ಕೆ ಗಂಡ ಹೆಂಡತಿ ಇಬ್ಬರು ಬಂದರು, ಮರುವರ್ಷ ನಮ್ಮ ಹೊಲವನ್ನೇ ಹಿಡಿದರು. ಮುಸಲ್ಮಾನರು. ಕೇರಳದ ಸಾಬರನ್ನೆಲ್ಲ ನಮ್ಮ ಕಡೆ ಕಾಕಾ ಅನ್ನುವುದು ವಾಡಿಕೆ, ಅವನನ್ನೂ ಹಾಗೇ ಕರೆದರು. ಅವನ ಹೆಂಡತಿಗೆ ಏನನ್ನಬೇಕೋ ಯಾರಿಗೂ ತಿಳಿಯಲಿಲ್ಲ, ಅನ್ನುವ ಅಗತ್ಯವೂ ಬೀಳಲಿಲ್ಲ. ನಾನು ಕೇಳಿ ತಿಳಿದುಕೊಂಡು ಇತ್ತಾ ಎಂದು ಕರೆದೆ. ಅವರ ಮಾತಿನಲ್ಲಿ ಅಕ್ಕ ಎಂದು. ಅವಳು ನನ್ನನ್ನು ಮೋಳೆ ಅನ್ನುತ್ತಿದ್ದಳು, ಅಂದರೆ ಮಗಳೇ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳಿರಬಹುದು.

ಕೊಳವೆಬಾವಿ ಇದ್ದದ್ದು ಅವರು ಮೊದಲು ಹಿಡಿದ ಪಕ್ಕದ ಹೊಲದಲ್ಲಿ. ಕರೆಂಟು ಬಂದಾಗ ನೀರಿಗೆ ಹೋದವಳು ಅಲ್ಲೇ ಕೂರತೊಡಗಿದೆ. ಅವಳು ಹಾಲಿಲ್ಲದ ಟೀ ಕೊಡುತ್ತಿದ್ದಳು, ಅಕ್ಕಿಹಿಟ್ಟಿನ ತೆಳ್ಳನೆ ರೊಟ್ಟಿಯನ್ನು ತೆಂಗಿನ ಹಾಲಿನಲ್ಲಿ ನೆನೆಸಿ ಕೊಡುತ್ತಿದ್ದಳು. ನಾನು ಒಮ್ಮೆ ಮುದ್ದೆ ಬಸ್ಸಾರು ಒಯ್ದೆ. ಅವಳು ಮುದ್ದೆಯನ್ನು ಜಗಿಯಲು ಹತ್ತಿದಳು. ನುಂಗಬೇಕು ಅಂದರೆ ನನ್ನ ಮುಖವನ್ನೇ ನೋಡಿದಳು.

“ಕಲ್ಲು ನುಂಗು ಅಂದ ಹಾಗೆ ಉಂಟಲ್ಲಾ ಮೋಳೆ. ನಿಮ್ಮ ಗಂಟಲು ಎಂಥದ್ದು,” ಅಂದಳು.

ಅವತ್ತು ನಾನು ನಕ್ಕೆ. ತವರಿಗೆ ಬಂದ ಮೇಲೆ ಹಾಗೆ ನಕ್ಕದ್ದು ಅದೇ ಮೊದಲು.

ಸೀರೆಯನ್ನು ಅವಳ ಹತ್ತಿರ ಒಯ್ದದ್ದು ಕೊಟ್ಟುಬಿಡೋಣ ಎಂದೇ. ಮುತ್ತೈದೆಯೇ ತಾನೇ ಅವಳೂ. ಅವಳು ಬಿಡಿಸಿ ನೋಡಿದಳು, ಕೆನ್ನೆಗೆ ಒತ್ತಿಕೊಂಡಳು, ಮತ್ತೆ ನನ್ನ ಹೆಗಲ ಮೇಲೆ ಹಾಕಿದಳು. “ನನಗೆ ಬೇಡ. ನಾನು ಇಟ್ಟುಕೊಳ್ತೇನೆ. ನೀನು ಬಂದಾಗ ಉಡು,” ಅಂದಳು. ಅಲ್ಲಿಂದ ಮುಂದೆ ಅದೊಂದು ಪದ್ಧತಿಯೇ ಆಗಿಬಿಟ್ಟಿತು. ಭಾನುವಾರ ಅವಳ ಗುಡಿಸಲಿಗೆ ಹೋಗುತ್ತಿದ್ದೆ, ಅವಳು ಬಾಗಿಲು ಎಳೆಯುತ್ತಿದ್ದಳು, ನಾನು ಹಸಿರು ಸೀರೆ ಉಟ್ಟು ಚಾಪೆಯ ಮೇಲೆ ಕೂತು ಟೀ ಕುಡಿಯುತ್ತಿದ್ದೆ. ಲೋಟ ಬರಿದಾದ ಮೇಲೆ ಬಿಚ್ಚಿ ಮಡಿಸಿಟ್ಟು, ನನ್ನ ಬೂದಿ ಬಣ್ಣದ್ದನ್ನು ಸುತ್ತಿಕೊಂಡು ಮನೆಗೆ ಬರುತ್ತಿದ್ದೆ. ಅತ್ತಿಗೆಗೆ ಸೀರೆ ಕೊಟ್ಟೆ ಎಂದು ಹೇಳಿದೆ. ಅದು ಸುಳ್ಳೇನಲ್ಲ.

ಮರುವರ್ಷ ಯುಗಾದಿ ಕಳೆದ ಬಿಸಿಲಿನಲ್ಲಿ ಶುಂಠಿ ನಾಟಿಗೆ ನಮ್ಮ ಹೊಲ ಅಣಿ ಮಾಡಿದರು. ಏರುಮಡಿ ಎಳೆದು, ಮಳೆ ನೀರು ನಿಲ್ಲಬಾರದೆಂದು ಮಧ್ಯೆ ಮಧ್ಯೆ ಮೊಣಕಾಲು ಮಟ್ಟದ ಕಾಲುವೆ ತೋಡಿದರು. ಬಿತ್ತನೆ ಶುಂಠಿಯನ್ನು ಔಷಧಿ ನೀರಿನಲ್ಲಿ ಅದ್ದಲು ನೀಲಿ ಡ್ರಮ್ಮುಗಳನ್ನು ಸಾಲಾಗಿ ಇಟ್ಟರು. ಕೂಲಿಯಾಳುಗಳಿಗೆಂದು ಟಾರ್ಪಾಲಿನ ಇನ್ನೆರಡು ಗುಡಿಸಲು ಎದ್ದವು. ಅದೇ ದಿನಗಳಲ್ಲಿ ಇತ್ತಾ ನನ್ನ ಸೀರೆಯನ್ನು ಬಿಸಿಲಿಗೆ ಹಾಕಿದ್ದಾಳೆ. ಮಡಿಕೆ ಬಿದ್ದ ಕಡೆಯೇ ಜರಿ ಕತ್ತರಿಸುತ್ತದೆ, ಅದಕ್ಕೆ ಆಗಾಗ ಗಾಳಿಗೆ ಹರವಿ ಮಡಿಕೆ ಬದಲಿಸಬೇಕು ಅನ್ನುವುದು ಅವಳ ತಿಳಿವಳಿಕೆ. ಹೊಂಗೆಮರದಿಂದ ಬಿದಿರು ಗಳಕ್ಕೆ ಕಟ್ಟಿದ ಹಗ್ಗದ ಮೇಲೆ ಸೀರೆ. ಗಾಳಿ ಇತ್ತು.

ಸ್ವಲ್ಪ ದಿನ ಬಿಟ್ಟು ಅಂಗಡಿಯಲ್ಲಿ ಗುಂಪು ತೆರೆದರೆ ಎದುರಿಗೆ ನಮ್ಮ ಹೊಲ.

ಯಾರೋ ಬದುವಿನ ಮೇಲೆ ನಿಂತು ಮೊಬೈಲಿನಲ್ಲಿ ತೆಗೆದ ಚಿತ್ರ. ಟಾರ್ಪಾಲಿನ ಗುಡಿಸಲು, ಡ್ರಮ್ಮು, ಕಾಲುವೆ, ಅವುಗಳ ಮೇಲೆ ಗಾಳಿಗೆ ಎದ್ದ ಹಸಿರು ಬಟ್ಟೆ. ಹಗ್ಗ ಬಟ್ಟೆಯ ಮರೆಯಾಗಿ ಗಳ ಮಾತ್ರ ಕಾಣುತ್ತದೆ, ಕೆಂಪು ಅಂಚು ಮಡಚಿಕೊಂಡು ಕಾಣುವುದಿಲ್ಲ. ಕೆಳಗೆ ಬರೆದಿದ್ದ ಸಾಲು ಹೀಗಿತ್ತು: ಕೇರಳದಿಂದ ಬಂದವರು ನಮ್ಮ ಕೋಟೆಯಲ್ಲಿ ಕ್ಯಾಂಪು ಹಾಕಿದ್ದಾರೆ, ಅಡಗಿಕೊಳ್ಳಲು ಗುಂಡಿ ತೋಡಿದ್ದಾರೆ, ನಮ್ಮ ನೆಲದಲ್ಲಿ ತಮ್ಮ ಬಾವುಟ ಹಾರಿಸಿದ್ದಾರೆ, ಕೇಳುವವರು ಯಾರೂ ಇಲ್ಲ.

ಎತ್ತು ಈಯಿತು ಅಂದರೆ ಕರುವನ್ನು ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜನ ನಮ್ಮವರು. ಒಬ್ಬ, ನನಗೆ ಮೊದಲೇ ಅನುಮಾನ ಇತ್ತು ಅಂದ. ಇನ್ನೊಬ್ಬ, ನನ್ನ ದೊಡ್ಡಪ್ಪನ ಊರಿನಲ್ಲೂ ಇದೇ ಅಂದ. ಮತ್ತೊಬ್ಬ, ಡ್ರಮ್ಮಿನಲ್ಲಿ ಇರುವುದು ಬಾವಿಗೆ ಹಾಕುವ ವಿಷ ಎಂದು ಕಣ್ಣಾರೆ ಕಂಡವನ ಹಾಗೆ ಬರೆದ. ನಾಲ್ಕು ಜನ ಬರೆಯುವ ಹೊತ್ತಿಗೆ ಅವರು ಮನುಷ್ಯರಾಗಿ ಉಳಿದಿರಲಿಲ್ಲ. ಹುಳುಗಳ ಹೆಸರು, ರೋಗಗಳ ಹೆಸರು ಬಂದವು. ಓದುತ್ತಾ ಓದುತ್ತಾ ಒಂದು ವಿಷಯ ನನಗೆ ತಿಳಿಯಿತು. ಬರೆದವರಲ್ಲಿ ಅರ್ಧ ಜನ ಕೆಟ್ಟವರಲ್ಲ, ಪಕ್ಕದವನು ಬೈದ ಮೇಲೆ ತಾನು ಬೈಯದೆ ಇದ್ದರೆ ಗುಂಪಿನಿಂದ ಹೊರಗಾದ ಹಾಗೆ ಅನ್ನಿಸಿದವರು. ಹೊರಗಾಗುವುದು ಏನೆಂದು ನನಗೆ ಗೊತ್ತು. ಆದರೂ ಸಿಟ್ಟು ಕಡಿಮೆಯಾಗಲಿಲ್ಲ. ಉಪ್ಪುಸಾರಿನ ಹುಡುಗ ಬರೆದಿದ್ದ: ಒಂದು ಬೆಂಕಿಕಡ್ಡಿ ಸಾಕು. ಅವನ ಆ ಸಾಲನ್ನು ನೋಡಿ ಗೂಡಿನಲ್ಲಿ ಕೂತೇ ಅತ್ತೆ.

ಮೊದಲು ದೂರು ಕೊಡುವ ಗುಂಡಿ ಒತ್ತಿದೆ. ಮಾರನೆಯ ದಿನ ಇಂಗ್ಲಿಷಿನಲ್ಲಿ ಉತ್ತರ ಬಂತು, ನಿಯಮಕ್ಕೆ ವಿರುದ್ಧವಾದದ್ದು ಏನೂ ಕಾಣಲಿಲ್ಲ ಎಂದು. ಎಲ್ಲಿ ಕಾಣಬೇಕು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕೋಟೆ ಸೀಮೆಯ ಬೈಗುಳ ಓದುವವರು ಅಲ್ಲಿ ಯಾರಿದ್ದರು. ಆಮೇಲೆ ಮಲ್ಲಿಗೆ ಹೂವಿನ ಮರೆಯಲ್ಲೇ ನಿಂತು ಬರೆದೆ: ಇದು ಶುಂಠಿ ಹೊಲ, ಅದು ನೀರು ಬಸಿಯುವ ಕಾಲುವೆ, ಅದು ಬೀಜ ಅದ್ದುವ ಡ್ರಮ್ಮು, ಮಳೆ ಬಿದ್ದ ಮೇಲೆ ಬಂದು ನೋಡಿ ಮೊಳಕೆ ಎದ್ದಿರುತ್ತದೆ. ಇಬ್ಬರು ಮೂವರು ಹೌದಲ್ಲ, ನಮ್ಮ ಹೊಲದಲ್ಲೂ ಹೀಗೇ ತೋಡಿದ್ದರು ಅಂದರು. ನನಗೆ ಉಸಿರು ಬಂತು. ಆಗ ಒಬ್ಬ ಕೇಳಿದ: ಹಾಗಾದರೆ ಆ ಬಾವುಟ ಏನು, ಅದಕ್ಕೆ ಉತ್ತರ ಹೇಳು. ಅದರ ಹಿಂದೆಯೇ ಹತ್ತಾರು ಜನ ಅದನ್ನೇ ಕೇಳಿದರು. ಕಾಮಾಲೆ ಕಣ್ಣಿನವನಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ. ಇವರಿಗೆ ಹಸಿರು ಕಂಡಿತ್ತು. ಉತ್ತರ ನನ್ನೊಬ್ಬಳಿಗೇ ಗೊತ್ತಿತ್ತು, ಅದನ್ನು ಹೂವಿನ ಮರೆಯಿಂದ ಹೇಳಿದರೆ ಯಾರೂ ನಂಬುವ ಹಾಗಿರಲಿಲ್ಲ.

ಮಾತು ಇಂಟರ್ನೆಟ್ಟಿನಲ್ಲೇ ಉಳಿಯಲಿಲ್ಲ. ಕೋಟೆಯಿಂದ ಮೂವರು ಬೈಕಿನಲ್ಲಿ ಬಂದು ನಮ್ಮ ಜಗಲಿಯಲ್ಲಿ ಕೂತು ಅಣ್ಣನಿಗೆ ಆ ಚಿತ್ರ ತೋರಿಸಿದರು. ನಾನು ಒಳಗೆ ರಾಗಿ ಕೇರುತ್ತಿದ್ದೆ.

“ಅಣ್ಣೋ, ನಿಮ್ಮೇಲೆ ನಮ್ಗೇನೂ ಬೇಜಾರಿಲ್ಲ. ಮಂಗ್ಳಾರದೊಳ್ಗೆ ಅವ್ರ್ನ ಎಬ್ಸಿ. ಇಲ್ದಿದ್ರೆ ನಾವೇ ಬಂದ್ ಎಬ್ಸ್ತೀವಿ. ಆಮೇಲೆ ಗುಡ್ಲು ಉಳ್ಕಳಕಿಲ್ಲ,” ಅಂದ ಒಬ್ಬ.

ಅಣ್ಣ ಆಗಲಿ ನೋಡನ ಅಂದ. ಆಗಲ್ಲ ಅನ್ನುವುದು ಅವನ ಜಾಯಮಾನವಲ್ಲ. ಅವರು ಹೋದ ಮೇಲೆ ನಾನು ಮೊರ ಕೆಳಗಿಟ್ಟು ಅಣ್ಣ ಅತ್ತಿಗೆ ಇಬ್ಬರ ಎದುರಿಗೆ ಹೋಗಿ ನಿಂತೆ.

“ಅದು ಬಾವುಟ ಅಲ್ಲ ಕಣಣ್ಣ. ನನ್ ಸೀರೆ.”

ಅತ್ತಿಗೆ ತಕ್ಷಣ ತಿಳಿದುಕೊಂಡರು. “ಕೊಟ್ಟೆ ಅಂದಿದ್ದೆ,” ಅಂದರು.

“ಕೊಟ್ಟಿದ್ದೆ. ಇಟ್ಕಳಕ್ಕೆ ಕೊಟ್ಟಿದ್ದೆ. ಅಲ್ ಹೋಗಿ ಉಡ್ತಿದ್ದೆ.”

ಅಣ್ಣ ಎದ್ದು ಬೀದಿ ಬಾಗಿಲು ಮುಂದೆ ಮಾಡಿದ. “ಆ ಮಾತು ಈ ಬಾಗ್ಲು ದಾಟ್ಬಾರ್ದು ಕಣಮ್ಮಿ. ಗಂಡಿಲ್ದೋಳು ಕಾಕಾನ್ ಗುಡ್ಲಲ್ಲಿ ಬಣ್ಣದ್ ಸೀರೆ ಉಡ್ತಾಳೆ ಅಂದ್ರೆ ಜನ ಏನಂದಾರು. ಮಡಕೆ ಬಾಯಾದ್ರೆ ಮುಚ್ಬೋದು, ಊರ್ ಬಾಯ್ಗೆ ಏನ್ ಮುಚ್ಚೀಯೆ,” ಅಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಅತ್ತಿಗೆ ಒಳಗೆ ಎದ್ದು ಹೋದರು.

ಇತ್ತಾಳಿಗೆ ಎಲ್ಲವನ್ನೂ ಹೇಳಿದ್ದು ಭಾನುವಾರ. ಅವಳು ಅಚ್ಚರಿಪಡಲಿಲ್ಲ, ಅದರಿಂದ ನನಗೆ ಇನ್ನೂ ನೋವಾಯಿತು. ಇಂಥದ್ದನ್ನು ಅವಳು ಬೇರೆ ಹೊಲಗಳಲ್ಲೂ ಕಂಡಿರಬೇಕು. ನಾನೇ ಹೇಳುತ್ತೇನೆ, ಅದು ನನ್ನ ಸೀರೆ ಎಂದು ಎಲ್ಲರಿಗೂ ಕಾಣುವ ಹಾಗೆ ಹೇಳುತ್ತೇನೆ ಅಂದಾಗ ಮಾತ್ರ ನನ್ನ ಮಣಿಕಟ್ಟು ಹಿಡಿದುಕೊಂಡಳು.

“ಬೇಡ ಮೋಳೆ. ಗುಡಿಸಲು ಸುಟ್ಟರೆ ಇನ್ನೊಂದು ಕಟ್ಟಬಹುದು. ನಮಗೆ ಹೋಗಿ ಅಭ್ಯಾಸ ಉಂಟು. ನೀನು ಅದೇ ಮನೆಯಲ್ಲಿ ಇರಬೇಕಲ್ಲಾ.”

“ಸೀರೆ ಕೊಡು,” ಅಂದೆ.

ಆ ಮನೆಯಲ್ಲಿ ನಾನು ಇದ್ದೆನೆಂದು ಅವಳು ತಿಳಿದಿದ್ದಳು. ಊಟಕ್ಕೆ ಕೂರುತ್ತಿದ್ದೆ, ಮಲಗುತ್ತಿದ್ದೆ, ಅಷ್ಟೇ. ಇದ್ದದ್ದು ಭಾನುವಾರ ಒಂದು ಲೋಟ ಟೀ ಕುಡಿಯುವಷ್ಟು ಹೊತ್ತು, ಅವಳ ಚಾಪೆಯ ಮೇಲೆ. ಅದನ್ನು ಅವಳಿಗೆ ಹೇಳಲು ನನಗೆ ಬರಲಿಲ್ಲ. ಸೀರೆ ಉಟ್ಟೆ. ಈ ಸಲ ಬಾಗಿಲು ತೆರೆದು ಆಚೆ ಬಂದೆ. ಅಂಗಡಿಯಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುವ ಕ್ಯಾಮೆರಾವನ್ನು ಕೇಳಿ ತಂದಿದ್ದೆ. ಅದೇ ಹೊಂಗೆಮರ, ಅದೇ ಗಳ, ಅದೇ ಹಗ್ಗ, ಹಿಂದೆ ಡ್ರಮ್ಮು. ಎಲ್ಲಿ ಒತ್ತಬೇಕೆಂದು ಇತ್ತಾಳಿಗೆ ತೋರಿಸಿಕೊಟ್ಟೆ. ಮೊದಲನೆಯದರಲ್ಲಿ ನನ್ನ ತಲೆ ಬರಲಿಲ್ಲ. ಎರಡನೆಯದು ಸರಿಯಾಯಿತು. ನಿನ್ನದೂ ಒಂದು ತೆಗೆಯುತ್ತೇನೆ ಅಂದರೆ ಬೇಡವೇ ಬೇಡ ಎಂದು ಒಳಗೆ ಹೋದಳು. ಅವಳು ಯಾವತ್ತೂ ಫೋಟೋಗೆ ನಿಂತವಳಲ್ಲ.

ಸೋಮವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದವಳೇ ಮಲ್ಲಿಗೆ ಹೂವು ಅಳಿಸಿ ನನ್ನ ಹೆಸರು ಹಾಕಿದೆ, ಊರಿನ ಹೆಸರು ಹಾಕಿದೆ. ಎರಡು ಚಿತ್ರಗಳನ್ನೂ ಪಕ್ಕಪಕ್ಕ ಇಟ್ಟು, ಎಲ್ಲರೂ ಬರೆಯುವ ಹಾಗೆ ಇಂಗ್ಲಿಷ್ ಅಕ್ಷರದಲ್ಲಲ್ಲದೆ ಕನ್ನಡದಲ್ಲೇ ಟೈಪು ಮಾಡಿದೆ: ಇದು ನಮ್ಮ ಹೊಲ. ನೀವು ಬಾವುಟ ಅಂದದ್ದು ನನ್ನ ಗಂಡ ಗೌರಿ ಹಬ್ಬಕ್ಕೆ ತಂದ ಸೀರೆ. ಅವರು ತೀರಿಕೊಂಡಿದ್ದಾರೆ. ಮನೆಯಲ್ಲಿ ಉಡುವ ಹಾಗಿಲ್ಲವೆಂದು ಈ ಗುಡಿಸಲಿನಲ್ಲಿ ಉಡುತ್ತೇನೆ. ಸುಡಲು ಬರುವವರು ಇದನ್ನು ತಿಳಿದುಕೊಂಡು ಬನ್ನಿ.

ಒತ್ತಿದ ಮೇಲೆ ಕರೆಂಟು ಹೋಗಿ ಯುಪಿಎಸ್ಸು ಕಿರುಚಲು ಶುರು ಮಾಡಿತು. ಕಂಪ್ಯೂಟರ್ ಆರಿಸಿ, ಕರೆಂಟು ಮತ್ತೆ ಬರುವ ತನಕ ಕಪ್ಪು ಪರದೆಯಲ್ಲಿ ನನ್ನ ಮುಖವನ್ನೇ ನೋಡುತ್ತಾ ಕೂತಿದ್ದೆ.

ಕರೆಂಟು ಬಂದ ಮೇಲೆ ನೋಡಿದರೆ ಬೈಗುಳ ದಿಕ್ಕು ಬದಲಿಸಿತ್ತು. ಹಿಂದೆ ಅವರ ಮೇಲಿದ್ದದ್ದು ಈಗ ನನ್ನ ಮೇಲೆ. ಮುಂಡೆಗೆ ಹಸಿರು ಸೀರೆಯ ಶೋಕಿ ಎಂದು ಒಬ್ಬ, ಕಾಕಾ ಎಷ್ಟು ಕೊಟ್ಟ ಎಂದು ಇನ್ನೊಬ್ಬ, ಅದಕ್ಕಿಂತ ಕೆಳಗಿನವನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಬಾವುಟದ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಬೆಂಕಿಕಡ್ಡಿಯ ಸಾಲನ್ನು ಉಪ್ಪುಸಾರಿನ ಹುಡುಗ ಅಳಿಸಿಹಾಕಿದ್ದ. ನನಗೆ ಒಂದು ಮಾತೂ ಬರೆಯಲಿಲ್ಲ. ಆಮೇಲೆ ಆ ಗುಂಪಿನಲ್ಲಿ ಅಕ್ಕಾ ಎಂದು ಯಾರೂ ಕರೆಯಲಿಲ್ಲ.

ಮಂಗಳವಾರ ಬೈಕಿನವರು ಬರಲಿಲ್ಲ. ನಾನು ಬರೆದದ್ದಕ್ಕೋ, ಅವತ್ತು ಮಧ್ಯಾಹ್ನ ಹಿಡಿದ ಮಳೆಗೋ, ಇವತ್ತಿಗೂ ತಿಳಿಯದು. ಅಣ್ಣ ಬೆಳಿಗ್ಗೆಯಿಂದ ಹೊಲದ ಬದುವಿನ ಮೇಲೆ, ನೆಟ್ಟಗೆ ಇದ್ದ ಬೇಲಿಯನ್ನು ಬಿಚ್ಚಿ ಕಟ್ಟುತ್ತಾ ಕೂತಿದ್ದನಂತೆ. ಮಳೆಯಲ್ಲೂ ಏಳಲಿಲ್ಲವಂತೆ. ಟೀ ಅಂಗಡಿಯಲ್ಲಿ ಯಾರೋ ಬಾವುಟದ ಸುದ್ದಿ ತೆಗೆದಾಗ, “ಅದು ನನ್ ತಂಗಿ ಸೀರೆ ಕಣ್ರಲಾ, ನಿಮ್ಗೇನಾಗ್ಬೇಕು,” ಅಂದನಂತೆ. ಇದನ್ನೆಲ್ಲ ಬೇರೆಯವರ ಬಾಯಿಂದ ಕೇಳಿದೆ. ನನ್ನ ಹತ್ತಿರ ಅವನು ಆ ವಿಷಯ ಎತ್ತಲೇ ಇಲ್ಲ. ಅತ್ತಿಗೆ ಊಟಕ್ಕೆ ಬಾ ಅನ್ನುವುದನ್ನೂ ಗೋಡೆಗೆ ಹೇಳಿದ ಹಾಗೆ ಹೇಳತೊಡಗಿದರು. ಚಿತ್ರ ತೆಗೆದವರು ಯಾರೆಂದು ತಿಳಿಯಲಿಲ್ಲ. ಬದುವಿನ ಮೇಲೆ ಓಡಾಡುವವರು ನಮ್ಮ ಊರಿನವರೇ, ಹಾಗಾಗಿ ಯಾರು ಎದುರಿಗೆ ಸಿಕ್ಕರೂ ಇವನೇ ಇರಬಹುದೇ ಎಂದು ನೋಡುವ ಚಟ ನನಗೆ ಅಂಟಿಕೊಂಡಿತು. ಅದು ಇನ್ನೂ ಬಿಟ್ಟಿಲ್ಲ.

ಶುಂಠಿ ಚೆನ್ನಾಗಿ ಬಂತು. ಸಂಕ್ರಾಂತಿ ಕಳೆದ ಮೇಲೆ ಕಿತ್ತರು, ಲಾರಿಗೆ ತುಂಬಿದರು, ಟಾರ್ಪಾಲು ಬಿಚ್ಚಿದರು. ಯಾರೂ ಓಡಿಸಲಿಲ್ಲ. ಬೆಳೆ ಮುಗಿದ ಮೇಲೆ ಹೋಗಬೇಕಾದವರು ಹೋದರು. ಅವಳನ್ನು ಉಳಿಸಿಕೊಂಡೆ ಎಂದು ನಾನು ಅಂದುಕೊಂಡಿದ್ದೆ, ಆದರೆ ಉಳಿಸಿಕೊಂಡದ್ದು ಒಂದು ಬೆಳೆಯ ಮಟ್ಟಿಗೆ. ಇತ್ತಾ ಸೀರೆಯನ್ನು ಹೊಸ ಮಡಿಕೆಯಲ್ಲಿ ಮಡಿಸಿ ಕೈಗೆ ಕೊಟ್ಟಳು. ಪಿರಿಯಾಪಟ್ಟಣದ ಕಡೆ ಹೊಲ ನೋಡಿದ್ದಾರೆ, ಬಾ ಅಂದಳು. ಅವಳ ಗಂಡನ ಮೊಬೈಲ್ ನಂಬರು ಸ್ವಲ್ಪ ಕಾಲ ಹೋಗುತ್ತಿತ್ತು. ಆಮೇಲೆ ಅದನ್ನು ಬೇರೆ ಯಾರೋ ಎತ್ತಿ, ರಾಂಗ್ ನಂಬರು ಅಂದರು.

ಆ ಚಿತ್ರ ಮಾತ್ರ ಹೋಗಲಿಲ್ಲ. ಒಂದೆರಡು ವರ್ಷ ಬಿಟ್ಟು ಕೊಪ್ಪದ ಹತ್ತಿರದ ಕ್ಯಾಂಪು ಎಂಬ ಸಾಲಿನ ಜೊತೆ ಬಂತು. ಆಮೇಲೆ ಹುಣಸೂರಿನದು ಎಂದು ಬಂತು. ಕಂಡಾಗಲೆಲ್ಲ ನಾನು ಅದೇ ಉತ್ತರ ಬರೆಯುತ್ತೇನೆ, ಇದು ನಮ್ಮ ಹೊಲ, ಇದು ನನ್ನ ಸೀರೆ ಎಂದು. ಒಬ್ಬಿಬ್ಬರು ಓದುತ್ತಾರೆ. ಬೇಸರವಾಗುತ್ತದೆ, ಬರೆಯುತ್ತೇನೆ.

ಆ ಚಿತ್ರವನ್ನು ನಾನು ಅಳಿಸಿಲ್ಲ. ಕೆಳಗಿನ ಸಾಲನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಎಡಗಡೆಯ ಗುಡಿಸಲಿನ ಬಾಗಿಲು ಅರ್ಧ ತೆರೆದಿದೆ, ಆ ಕತ್ತಲಲ್ಲಿ ಬಿಳಿಯದೊಂದು ಚೂರು ಇದೆ. ಅಷ್ಟು ಜನ ಅಷ್ಟು ದಿನ ಆ ಚಿತ್ರವನ್ನು ಜಾಲಾಡಿದರೂ ಅದು ಏನೆಂದು ಒಬ್ಬರೂ ಕೇಳಲಿಲ್ಲ. ಅದು ಇತ್ತಾಳ ತಲೆಯ ಬಟ್ಟೆ. ಬಿಸಿಲಿಗೆ ಹಾಕಿದ ಸೀರೆಯನ್ನು ತೆಗೆದು ಮಡಿಸಲು ಹೊರಗೆ ಬರುತ್ತಿದ್ದಾಳೆ. ಅವಳದೆಂದು ನನ್ನ ಹತ್ತಿರ ಇರುವ ಚಿತ್ರ ಅದೊಂದೇ.